ಅಕ್ಷರ ದುಂಡಗೆ, ಗೋಳ ಮಾತ್ರ ಚೌಕ ಚೌಕ ಯಾಕೆ?

ನಿಮ್ಮ ಮೊಬೈಲಲ್ಲಿರುವ ಯಾವುದಾದರೂ ಮ್ಯಾತ್ಸ್ ನೋಟ್ಸ್ ಪಿಡಿಎಫ್ ತೆರೆಯಿರಿ. ಗೋಳದ್ದೋ ಪ್ಯಾರಬೊಲಾಯ್ಡ್‌ದೋ ಚಿತ್ರ ಇರುವ ಪುಟಕ್ಕೆ ಹೋಗಿ ಎರಡು ಬೆರಳಲ್ಲಿ ಜೂಮ್ ಮಾಡಿ. ಅಕ್ಷರಗಳು ಎಷ್ಟು ದೊಡ್ಡದಾದರೂ ನುಣ್ಣಗೆ ಇರುತ್ತವೆ. ಪಕ್ಕದಲ್ಲಿರುವ ಗೋಳ ಮಾತ್ರ ಚೌಕ ಚೌಕವಾಗಿ ಒಡೆದು ಹೋಗುತ್ತದೆ. ಅದೇ ಪುಟವನ್ನು ಕುಂದಾಪುರ ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಮಾಡಿಸಿ, ಆಮೇಲೆ ಆ ಝೆರಾಕ್ಸಿನ ಝೆರಾಕ್ಸ್ ಮಾಡಿಸಿ ನೋಡಿ. ಅಕ್ಷರ ಹೇಗೋ ಓದಬಹುದು, ಗೋಳ ಅಂತೂ ಕಪ್ಪು ಮುದ್ದೆ. ಪರೀಕ್ಷೆಯ ಹಿಂದಿನ ದಿನ ಎಷ್ಟೋ ಜನರ ಕೈಗೆ ಸಿಗುವುದು ಇಂಥ ಕಾಪಿಯೇ.

ಇದು ಯಾವುದೋ ಒಂದು ಕಾಲೇಜಿನ ಕಥೆ ಅಲ್ಲ, ಎಲ್ಲ ಕಡೆ ಇದೇ ಹಣೆಬರಹ. ಎಲ್ಲಿಂದಲೋ ಸ್ಕ್ರೀನ್‌ಶಾಟ್ ತೆಗೆಯುವುದು, ನೋಟ್ಸಿಗೆ ಅಂಟಿಸುವುದು, ಮುಂದಿನ ಬ್ಯಾಚಿನವರು ಅದರ ಮೇಲೆ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆಯುವುದು. ನನ್ನ ಅಭಿಪ್ರಾಯ ಇಷ್ಟೇ: ಗಣಿತದ ಮೇಲ್ಮೈಯನ್ನು ಫೋಟೋದ ಹಾಗೆ ಅಂಟಿಸಬಾರದು, ಗೆರೆಯಲ್ಲಿ ಬರೆಯಬೇಕು. ಅಂದರೆ ವೆಕ್ಟರ್ ಗ್ರಾಫಿಕ್ಸ್ ಆಗಿ ಬರೆಯಬೇಕು. ಪುಟ ಚಂದ ಕಾಣಲಿ ಅಂತ ಈ ಮಾತು ಹೇಳುತ್ತಿಲ್ಲ. ಹಾಗೆ ಬರೆಯಲು ಕೂತವನಿಗೆ ಲೆಕ್ಕವೇ ಬೇರೆ ಥರ ಅರ್ಥವಾಗುತ್ತದೆ ಅನ್ನುವುದು ನನ್ನ ಮುಖ್ಯ ವಾದ.

ಮೊದಲು ಅಕ್ಷರದ ಗುಟ್ಟು ಹೇಳ್ತೇನೆ. ಪಿಡಿಎಫ್‌ನಲ್ಲಿರುವ ‘ಅ’ ಚುಕ್ಕಿಗಳ ಚಿತ್ರ ಅಲ್ಲ. ಅದು ಕೆಲವು ಬಿಂದುಗಳು ಮತ್ತು ಆ ಬಿಂದುಗಳ ನಡುವಿನ ಬೆಜಿಯೆ ಕರ್ವ್‌ಗಳು. ಜೂಮ್ ಮಾಡಿದಾಗ ಕಂಪ್ಯೂಟರ್ ಆ ಕರ್ವ್‌ಗಳನ್ನು ಹೊಸದಾಗಿ ಎಳೆಯುತ್ತದೆ, ಅದಕ್ಕೇ ಅಂಚು ಒಡೆಯುವುದಿಲ್ಲ. ಮೆಕ್ಯಾನಿಕಲ್‌ನವರು ಖುಷಿಪಡಬಹುದು, ಯಾಕಂದ್ರೆ ಈ ಕರ್ವ್ ಹುಟ್ಟಿದ್ದೇ ಕಾರಿನ ಬಾಡಿ ಡಿಸೈನಿಗೆ. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕ್ಯಾಸ್ಟೆಲ್‌ಜೊ, ರೆನೊ ಕಂಪನಿಯಲ್ಲಿ ಪಿಯೇರ್ ಬೆಜಿಯೆ, ಇಬ್ಬರೂ ಇದನ್ನು ಬೇರೆ ಬೇರೆಯಾಗಿ ಕಟ್ಟಿದರು. ಕಾರಿನ ಬಾನೆಟ್ ಬಗ್ಗಿಸಲು ಬಂದ ಗಣಿತ ಇವತ್ತು ನಮ್ಮ ಒತ್ತಕ್ಷರವನ್ನೂ ಬಗ್ಗಿಸುತ್ತಿದೆ. ಹಾಗಿದ್ದ ಮೇಲೆ ಗಣಿತದಿಂದಲೇ ಹುಟ್ಟಿದ ಗೋಳಕ್ಕೆ ಆ ಮರ್ಯಾದೆ ಯಾಕಿಲ್ಲ?

ಕಾರಣ ಉಂಟು. ಸಮೀಕರಣ ‘ಝಡ್ = ಎಕ್ಸ್, ವೈಗಳಲ್ಲಿ ಏನೋ ಒಂದು’ ಅಂತಿದ್ದರೆ ಕೆಲಸ ಸುಲಭ. ಎಕ್ಸ್ ಮತ್ತು ವೈ ಕೊಟ್ಟರೆ ಎತ್ತರ ಬರುತ್ತದೆ. ಆದರೆ ನಮಗೆ ಪರೀಕ್ಷೆಯಲ್ಲಿ ಬರುವ ಎಷ್ಟೋ ಮೇಲ್ಮೈಗಳು ಇಂಪ್ಲಿಸಿಟ್. ಎಕ್ಸ್, ವೈ, ಝಡ್ ಮೂರೂ ಒಂದರೊಳಗೆ ಒಂದು ಸಿಕ್ಕಿಹಾಕಿಕೊಂಡಿರುತ್ತವೆ. ಅಲ್ಲಿ ‘ಮೇಲ್ಮೈ ಎಲ್ಲಿದೆ?’ ಅಂತ ನೇರವಾಗಿ ಕೇಳಲಿಕ್ಕೆ ಆಗುವುದಿಲ್ಲ. ಒಂದೊಂದೇ ಬಿಂದುವನ್ನು ಹಿಡಿದು ‘ನೀನು ಒಳಗಾ, ಹೊರಗಾ, ಮೇಲ್ಮೈಯಲ್ಲೇ ಇದ್ದೀಯಾ?’ ಅಂತ ಮಾತ್ರ ಕೇಳಬಹುದು.

ಸಾಫ್ಟ್‌ವೇರ್‌ಗಳು ಮಾಡುವುದೂ ಅದನ್ನೇ. 1987ರಲ್ಲಿ ಲೊರೆನ್ಸನ್ ಮತ್ತು ಕ್ಲೈನ್ ಎಂಬಿಬ್ಬರು ಪ್ರಕಟಿಸಿದ ‘ಮಾರ್ಚಿಂಗ್ ಕ್ಯೂಬ್ಸ್’ ವಿಧಾನ ಇವತ್ತಿಗೂ ಚಾಲ್ತಿಯಲ್ಲಿದೆ. ಸಿಟಿ ಸ್ಕ್ಯಾನಿನಂಥ ಡೇಟಾದಿಂದ ಎಲುಬಿನ ಆಕಾರ ತೆಗೆಯಲಿಕ್ಕೆ ಹುಟ್ಟಿದ ವಿಧಾನ ಅದು. ಜಾಗವನ್ನೆಲ್ಲ ಸಣ್ಣ ಸಣ್ಣ ಕ್ಯೂಬ್‌ಗಳಾಗಿ ಕತ್ತರಿಸುವುದು. ಪ್ರತಿ ಕ್ಯೂಬಿನ 8 ಮೂಲೆಗಳಲ್ಲಿ ಬೆಲೆ ಪ್ಲಸ್ಸಾ ಮೈನಸ್ಸಾ ನೋಡುವುದು. ಒಂದು ಮೂಲೆ ಪ್ಲಸ್, ಪಕ್ಕದ್ದು ಮೈನಸ್ ಇದ್ದರೆ ಮೇಲ್ಮೈ ಆ ಎರಡರ ನಡುವೆ ಹಾದುಹೋಗಿದೆ ಅಂತ ಅರ್ಥ, ಅಲ್ಲಿ ತ್ರಿಕೋನ ಹಾಕುವುದು. 8 ಮೂಲೆ ಅಂದರೆ 256 ಸಾಧ್ಯತೆ. ತಿರುಗಿಸಿ ಮಗುಚಿ ನೋಡಿದರೆ ಅದು 15 ಮಾದರಿಗೆ ಇಳಿಯುತ್ತದೆ. ಬಹಳ ಚಂದದ ಐಡಿಯಾ, ಅದರಲ್ಲಿ ಸಂಶಯ ಇಲ್ಲ.

ತೊಂದರೆ ಶುರುವಾಗುವುದು ಆಮೇಲೆ. ಒಂದು ದಿಕ್ಕಿಗೆ 100ರ ಹಾಗೆ ಕತ್ತರಿಸಿದರೂ 10 ಲಕ್ಷ ಕ್ಯೂಬ್ ಆಯಿತು, ಮೇಲ್ಮೈಗೆ ಹತ್ತಾರು ಸಾವಿರ ತ್ರಿಕೋನ ಬಂತು. ಅಷ್ಟನ್ನೂ ‘ಸೇವ್ ಆ್ಯಸ್ ಪಿಡಿಎಫ್’ ಒತ್ತಿ ವೆಕ್ಟರ್ ಮಾಡಿದರೆ ಏನಾಗುತ್ತದೆ? ಫೈಲು ಉಬ್ಬುತ್ತದೆ, ಫೋನು ಪುಟ ತೋರಿಸಲು ತಿಣುಕುತ್ತದೆ, ತ್ರಿಕೋನಗಳ ಸಂದಿಯಲ್ಲಿ ಕೂದಲಿನಷ್ಟು ತೆಳ್ಳಗಿನ ಬಿಳಿ ಗೆರೆಗಳು ಎದ್ದು ಕಾಣುತ್ತವೆ. ಬೈಂದೂರಿನಿಂದ ಬಸ್ಸಲ್ಲಿ ನಿಂತು ಬರುತ್ತಾ ಫೋನಲ್ಲೇ ಓದುವವರಿಗೆ ಅಂಥ ವೆಕ್ಟರಿಗಿಂತ ಸ್ಕ್ರೀನ್‌ಶಾಟೇ ವಾಸಿ. ಹಾಗಾಗಿ ‘ವೆಕ್ಟರ್ ಅಂದ್ರೆ ಯಾವಾಗಲೂ ಒಳ್ಳೇದು, ಪಿಎನ್‌ಜಿ ಅಂದ್ರೆ ಕೆಟ್ಟದು’ ಅಂತ ನಾನು ಹೇಳುವುದಿಲ್ಲ. ಹತ್ತಾರು ಸಾವಿರ ತ್ರಿಕೋನ ತುಂಬಿದ ವೆಕ್ಟರ್ ಕೂಡ ಒಂಥರಾ ಫೋಟೋನೇ, ತೂಕ ಜಾಸ್ತಿ ಅಷ್ಟೆ.

ಹಾಗಾದ್ರೆ ಯಾವ ಗೆರೆ ಬೇಕು? ಇದಕ್ಕೆ ಉತ್ತರ ನಮ್ಮೂರಲ್ಲೇ ಉಂಟು. ಬ್ರಹ್ಮಾವರ ಕಡೆಯ ಹಳೇ ಮನೆಗಳಲ್ಲಿ ಅಕ್ಕಿ ಮುಡಿ ನೋಡಿದ್ದೀರಲ್ಲ? ಬೈಹುಲ್ಲಿನಲ್ಲಿ ಕಟ್ಟಿದ, ಹೆಚ್ಚುಕಮ್ಮಿ ಗೋಳದ ಆಕಾರದ್ದು. ಅದರ ಚಿತ್ರ ಬರೆಯಲು ಸಣ್ಣ ಮಗುವಿಗೆ ಹೇಳಿದರೂ ಮಾಡುವುದು ಎರಡೇ ಕೆಲಸ. ಒಂದು, ಹೊರಗಿನ ಅಂಚು. ಎರಡು, ಸುತ್ತ ಬಿಗಿದ ಹಗ್ಗದ ಬಾಗಿದ ಗೆರೆಗಳು. ಮುಗೀತು, ಮುಡಿ ದುಂಡಗೆ ಕಾಣುತ್ತದೆ. ಹುಲ್ಲಿನ ಒಂದೊಂದು ಕಡ್ಡಿಯನ್ನೂ ಯಾರೂ ಬರೆಯುವುದಿಲ್ಲ. ಟೋಪೋಶೀಟಿನಲ್ಲಿ ಕೊಡಚಾದ್ರಿ ಇರುವುದೂ ಹಾಗೇ. ಅಲ್ಲಿ ಬೆಟ್ಟದ ಫೋಟೋ ಇಲ್ಲ. ಒಂದೇ ಎತ್ತರದ ಜಾಗಗಳನ್ನು ಜೋಡಿಸಿದ ಕಂಟೂರ್ ಗೆರೆಗಳು ಮಾತ್ರ ಇವೆ. ಸಿವಿಲ್‌ನವರು ಅದರಲ್ಲೇ 1343 ಮೀಟರಿನ ಬೆಟ್ಟವನ್ನು ಓದುತ್ತಾರೆ.

ಗಣಿತದಲ್ಲಿ ಆ ‘ಹೊರಗಿನ ಅಂಚು’ ಅಂದರೆ ಏನು? ಇಲ್ಲೇ ಮಜಾ ಇರುವುದು. ಮೇಲ್ಮೈಯ ಪ್ರತಿ ಬಿಂದುವಿನಲ್ಲೂ ಗ್ರೇಡಿಯೆಂಟ್ ಮೇಲ್ಮೈಗೆ ಲಂಬವಾಗಿ ನಿಂತಿರುತ್ತದೆ. ಅದು ನಮ್ಮ ಕಡೆಗೆ ಮುಖ ಮಾಡಿದ್ದರೆ ಆ ಭಾಗ ಈಚೆಯದು, ಆಚೆಗೆ ತಿರುಗಿದ್ದರೆ ಹಿಂದಿನದು. ಈಚೆಯಿಂದ ಆಚೆಗೆ ಹೊರಳುವ ಜಾಗದಲ್ಲಿ ಗ್ರೇಡಿಯೆಂಟ್ ನಮ್ಮ ನೋಟದ ದಿಕ್ಕಿಗೆ ಲಂಬವಾಗಿರುತ್ತದೆ. ಅಂದರೆ ಗ್ರೇಡಿಯೆಂಟ್ ಡಾಟ್ ನೋಟದ ದಿಕ್ಕು = 0. ಈ ಒಂದು ಷರತ್ತೇ ಅಂಚಿನ ಗೆರೆಯ ಸಮೀಕರಣ. ಎರಡನೇ ಸೆಮಿಸ್ಟರಿನಲ್ಲಿ ಮಾರ್ಕಿಗಾಗಿ ಬಾಯಿಪಾಠ ಮಾಡಿದ ಗ್ರೇಡಿಯೆಂಟ್ ಇದೇ. ಇದು ಚಿತ್ರ ಬರೆಯುವ ಪೆನ್ಸಿಲ್ ಕೂಡ ಹೌದು ಅಂತ ಯಾರೂ ನಮಗೆ ಹೇಳಲೇ ಇಲ್ಲ.

ಒಂದು ಉದಾಹರಣೆ. ವೆಕ್ಟರ್ ಕ್ಯಾಲ್ಕುಲಸ್‌ನಲ್ಲಿ ಸವೆದು ಹೋದ ಲೆಕ್ಕ. ಸಮೀಕರಣವನ್ನೂ ಕ್ಲಾಸಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೀತೇನೆ. ಎಕ್ಸ್² + ವೈ² + ಝಡ್² = 9 ಮತ್ತು ಝಡ್ = ಎಕ್ಸ್² + ವೈ² − 3, ಈ ಎರಡು ಮೇಲ್ಮೈಗಳ ನಡುವಿನ ಕೋನವನ್ನು (2, −1, 2) ಬಿಂದುವಿನಲ್ಲಿ ಕಂಡುಹಿಡಿಯಿರಿ. ನಾವು ಎಂತ ಮಾಡ್ತೇವೆ? ಎರಡು ಗ್ರೇಡಿಯೆಂಟ್, ಒಂದು ಡಾಟ್ ಪ್ರಾಡಕ್ಟ್. ಕಾಸ್ ಥೀಟಾ = 8 / (3√21) ಅಂತ ಬರೆದು ಕೆಳಗೆ ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗ್ತೇವೆ. ಕೋನ ಸುಮಾರು 54 ಡಿಗ್ರಿ. ಆದರೆ ಆ ಎರಡು ಮೇಲ್ಮೈ ಎಲ್ಲೆಲ್ಲಿ ಸೇರುತ್ತವೆ ಅಂತ ಕೇಳಿದರೆ ಕ್ಲಾಸಿಗೆ ಕ್ಲಾಸೇ ಮೌನ.

ಈಗ ಇದನ್ನೇ ಗೆರೆಯಲ್ಲಿ ಬರೆಯಲು ಕೂರಿ. ಎರಡೂ ಸೇರುವ ಗೆರೆ ಬೇಕೇ ಬೇಕು, ಹಾಗಾಗಿ ಸಮೀಕರಣಗಳನ್ನು ಕೂಡಿಸಲೇಬೇಕು. ಎಕ್ಸ್² + ವೈ² ಜಾಗಕ್ಕೆ ಝಡ್ + 3 ಹಾಕಿದರೆ ಝಡ್² + ಝಡ್ − 6 = 0. ಉತ್ತರ ಎರಡು: ಝಡ್ = 2 ಮತ್ತು ಝಡ್ = −3. ಮೊದಲನೆಯದು √5 ತ್ರಿಜ್ಯದ ಒಂದು ವೃತ್ತ. ಎರಡನೆಯದು ಒಂದೇ ಒಂದು ಬಿಂದು, (0, 0, −3). ಅಂದರೆ ಪ್ಯಾರಬೊಲಾಯ್ಡ್ ಎಂಬ ಬಟ್ಟಲಿನ ತಳ ಗೋಳದ ತಳಕ್ಕೆ ಒಳಗಿನಿಂದ ತಾಗಿ ಕೂತಿದೆ. ಅಲ್ಲಿಂದ ಬಟ್ಟಲು ಗೋಳದ ಒಳಗೇ ಮೇಲೇರಿ, ಝಡ್ = 2ರ ಹತ್ತಿರ ಗೋಳವನ್ನು ಸೀಳಿ ಹೊರಗೆ ಬರುತ್ತದೆ. ಇನ್ನೊಂದು ವಿಷಯ: ಎರಡೂ ಝಡ್ ಅಕ್ಷದ ಸುತ್ತ ಒಂದೇ ಸಮ ಇರುವುದರಿಂದ ಆ 54 ಡಿಗ್ರಿ ಕೋನ (2, −1, 2)ರಲ್ಲಿ ಮಾತ್ರ ಅಲ್ಲ, ಇಡೀ ವೃತ್ತದ ಉದ್ದಕ್ಕೂ ಅಷ್ಟೇ. ತಳದಲ್ಲಿ ಮಾತ್ರ ಕೋನ ಸೊನ್ನೆ, ಯಾಕಂದ್ರೆ ಅಲ್ಲಿ ಎರಡೂ ಬರೀ ತಾಗುತ್ತವೆ, ಕತ್ತರಿಸುವುದಿಲ್ಲ. ಇಷ್ಟೆಲ್ಲ ಆ ಪ್ರಶ್ನೆಯೊಳಗೆ ಇತ್ತು ಮಾರಾಯ್ರೆ! 6 ಮಾರ್ಕಿನ ಅವಸರದಲ್ಲಿ ಯಾರೂ ಕಾಣಲಿಲ್ಲ.

ಚಿತ್ರಕ್ಕೆ ಬೇಕಾದ ಗೆರೆ ಎಷ್ಟು? ಎಕ್ಸ್ ಅಕ್ಷದ ಕಡೆಯಿಂದ, 45 ಡಿಗ್ರಿ ಮೇಲಿನಿಂದ ನೋಡುತ್ತೇವೆ ಅಂತಿಟ್ಟುಕೊಳ್ಳಿ. ನೋಟದ ದಿಕ್ಕು (1, 0, 1). ಗೋಳಕ್ಕೆ ಅಂಚಿನ ಷರತ್ತು ಎಕ್ಸ್ + ಝಡ್ = 0, ಅದು ಕಾಗದದ ಮೇಲೆ ಸರಿಯಾಗಿ 3 ತ್ರಿಜ್ಯದ ವೃತ್ತವಾಗಿ ಬೀಳುತ್ತದೆ. ಬಟ್ಟಲಿಗೆ ಷರತ್ತು 2ಎಕ್ಸ್ = 1. ಅಂದರೆ ಅಂಚು ಪೂರ್ತಿ ಎಕ್ಸ್ = 1/2 ಎಂಬ ಸಮತಲದಲ್ಲಿ ಕೂತಿದೆ, ಅಲ್ಲಿ ಝಡ್ = ವೈ² − 2.75. ಇದೊಂದು ಪ್ಯಾರಬೋಲಾ. ಪ್ಯಾರಬೋಲಾವನ್ನು ಒಂದೇ ಬೆಜಿಯೆ ಕರ್ವ್ ತಪ್ಪಿಲ್ಲದೆ ಎಳೆಯುತ್ತದೆ. ವೃತ್ತವನ್ನು ನಾಲ್ಕು ತುಂಡಿನಲ್ಲಿ ಎಳೆದರೆ ಬರುವ ತಪ್ಪು ತ್ರಿಜ್ಯದ ಸುಮಾರು 0.027 ಶೇಕಡಾ, ಕಣ್ಣಿಗೆ ಕಾಣುವುದೇ ಇಲ್ಲ. ಗೋಳದ ಅಂಚಿಗೆ 4, ಸೇರುವ ವೃತ್ತಕ್ಕೆ 4, ಬಟ್ಟಲಿನ ಬಾಯಿಗೆ 4, ಬಟ್ಟಲಿನ ಅಂಚಿಗೆ 1. ಒಟ್ಟು 13 ಕರ್ವ್. ಗೋಳದ ಒಳಗಿರುವ ಭಾಗವನ್ನು ಅಲ್ಲಲ್ಲಿ ಕತ್ತರಿಸಿ ಚುಕ್ಕಿ ಗೆರೆ ಮಾಡಿದರೆ ಇನ್ನು ನಾಲ್ಕೈದು ಹೆಚ್ಚಾಗಬಹುದು. ಹತ್ತಾರು ಸಾವಿರ ತ್ರಿಕೋನ ಎಲ್ಲಿ, 13 ಕರ್ವ್ ಎಲ್ಲಿ! ಇದನ್ನು ಎಷ್ಟು ಸಲ ಝೆರಾಕ್ಸ್ ಮಾಡಿದರೂ ಮುದ್ದೆಯಾಗಲು ಅದರಲ್ಲಿ ಬೂದು ಬಣ್ಣವೇ ಇಲ್ಲ.

ಎರಡನೇ ಉದಾಹರಣೆ ಇನ್ನೂ ಮಜಾ ಉಂಟು. ಎಕ್ಸ್²ವೈ + 2ಎಕ್ಸ್‌ಝಡ್ = 4, ಬಿಂದು (2, −2, 3), ಯೂನಿಟ್ ನಾರ್ಮಲ್ ಎಷ್ಟು? ಗ್ರೇಡಿಯೆಂಟ್ (−2, 4, 4), ಅದರ ಉದ್ದ 6, ಉತ್ತರ (−1/3, 2/3, 2/3). ಇದನ್ನು ನಿದ್ದೆಯಲ್ಲೂ ಹೇಳುವವರಿದ್ದಾರೆ. ಆದರೆ ಈ ಮೇಲ್ಮೈ ನೋಡಲು ಹೇಗಿದೆ? ಬರೆಯಲು ಕೂತರೆ ಮೊದಲ ನಿಮಿಷದಲ್ಲೇ ಒಂದು ವಿಷಯ ಎದುರಾಗುತ್ತದೆ. ಎಕ್ಸ್ = 0 ಹಾಕಿದರೆ 0 = 4 ಬರುತ್ತದೆ. ಅಂದರೆ ಆ ಜಾಗದಲ್ಲಿ ಮೇಲ್ಮೈಯೇ ಇಲ್ಲ, ಅದು ಎರಡು ಬೇರೆ ಬೇರೆ ಹಾಳೆಗಳಾಗಿದೆ! ಎರಡನೇ ವಿಷಯ, ಎಕ್ಸ್‌ಗೆ ಒಂದು ಬೆಲೆ ಕೊಟ್ಟು ನಿಲ್ಲಿಸಿದರೆ ಉಳಿಯುವುದು ಸರಳರೇಖೆ. ಎಕ್ಸ್ = 1 ಆದಾಗ ವೈ + 2ಝಡ್ = 4, ಎಕ್ಸ್ = 2 ಆದಾಗ ವೈ + ಝಡ್ = 1. ಅಂದರೆ ಇಡೀ ಮೇಲ್ಮೈ ನೇರ ಕೋಲುಗಳನ್ನು ಸ್ವಲ್ಪ ಸ್ವಲ್ಪ ತಿರುಚುತ್ತಾ ಜೋಡಿಸಿದ ಹಾಗೆ. ಇಪ್ಪತ್ತು ನೇರ ಗೆರೆ ಎಳೆದರೆ ಅದರ ತಿರುಚು ಕಣ್ಣಿಗೆ ಕಾಣುತ್ತದೆ. ಇಪ್ಪತ್ತು ಗೆರೆ, ನಲವತ್ತು ಬಿಂದು. ಸ್ಕೇಲು ಹಿಡಿದು ಗ್ರಾಫ್ ಶೀಟಿನ ಮೇಲೂ ಬರೆಯಬಹುದು. ಉತ್ತರ ಸರಿಯಾ ಅಂತ ಪುಕ್ಕಟೆ ಚೆಕ್ ಕೂಡ ಸಿಗುತ್ತದೆ. ಎಕ್ಸ್ = 2ರ ಗೆರೆಯ ದಿಕ್ಕು (0, 1, −1). ನಾರ್ಮಲ್ ಅದಕ್ಕೆ ಲಂಬ ಇರಬೇಕು. 2/3 − 2/3 = 0, ಸರಿಯಾಗಿದೆ.

ಇದಕ್ಕೇ ನಾನು ಹೇಳುವುದು, ಗೆರೆ ಎಳೆಯುವುದು ಅಲಂಕಾರ ಅಲ್ಲ. ಸ್ಕ್ರೀನ್‌ಶಾಟ್ ಅಂಟಿಸುವವನು ಯಾವ ನಿರ್ಧಾರವನ್ನೂ ಮಾಡಬೇಕಾಗಿಲ್ಲ. ಗೆರೆ ಎಳೆಯುವವನು ಮಾತ್ರ ಪ್ರತಿ ಗೆರೆಗೂ ಕಾರಣ ಕೊಡಬೇಕು. ಅಂಚು ಯಾವುದು, ಹಿಂದೆ ಅಡಗಿದ್ದು ಯಾವುದು, ಎರಡು ಎಲ್ಲಿ ಸೇರುತ್ತವೆ. ಆ ಕಾರಣ ಹುಡುಕುವುದೇ ಕಲಿಯುವುದು.

‘ಜಿಯೋಜೀಬ್ರಾ ಉಂಟಲ್ಲ, ಫೋನಲ್ಲೇ ತಿರುಗಿಸಿ ನೋಡಬಹುದು’ ಅಂತ ಕೆಲವರು ಕೇಳಬಹುದು. ಖಂಡಿತ ನೋಡಿ, ಅದು ಒಳ್ಳೆಯ ಸಾಧನ. ಆದರೆ ರೆಕಾರ್ಡ್ ಬುಕ್ಕನ್ನು, ಪ್ರಾಜೆಕ್ಟ್ ರಿಪೋರ್ಟನ್ನು, ಮುದ್ರಿಸಿದ ಪುಟವನ್ನು ತಿರುಗಿಸಲು ಆಗುವುದಿಲ್ಲ. ಅಲ್ಲಿ ಒಂದೇ ನೋಟದಲ್ಲಿ ಎಲ್ಲ ಹೇಳಬೇಕು. ‘ಎಐ ಹತ್ರ ಕೇಳಿದ್ರೆ ಚಿತ್ರ ಕೊಡುತ್ತೆ’ ಅನ್ನುವವರೂ ಇದ್ದಾರೆ. ಹೊಳೆಯುವ ಗೋಳ ಕೊಡುತ್ತದೆ, ಒಪ್ಪಿದೆ. ಆದರೆ ಅದರ ವೃತ್ತ ಝಡ್ = 2ರಲ್ಲೇ ಇದೆಯಾ, ತಳ ತಾಗಿದೆಯಾ ಅಂತ ಯಾರು ಕಾಣುದು? ಅದನ್ನು ಪರೀಕ್ಷಿಸಲು ಮತ್ತೆ ಮೇಲಿನ ಲೆಕ್ಕವನ್ನೇ ಮಾಡಬೇಕು. ‘ಟೈಮಿಲ್ಲ’ ಎಂಬುದು ಮೂರನೇ ಮಾತು, ಅದು ನಿಜ ಕೂಡ. ಇಂಟರ್ನಲ್ಸ್ ನಡುವೆ ಒಬ್ಬೊಬ್ಬರೇ ಹತ್ತು ಚಿತ್ರ ಬರೆಯಲು ಆಗುವುದಿಲ್ಲ. ಆದರೆ ಹತ್ತು ಜನ ಒಂದೊಂದು ಬರೆಯಬಹುದಲ್ಲ?

ಸಾಧನಗಳ ಕೊರತೆಯೂ ಇಲ್ಲ. ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಹೊಸ ಆವೃತ್ತಿಯ ಪ್ರೂಫ್ ನೋಡಿ, ಅಚ್ಚು ಚೆನ್ನಾಗಿಲ್ಲ ಅಂತ ಬೇಸರಪಟ್ಟು 1970ರ ದಶಕದ ಕೊನೆಯಲ್ಲಿ ಟೆಕ್ ಬರೆದರು. ಅದು ಇವತ್ತಿಗೂ ಉಚಿತ. ಅದರ ಜೊತೆ ಕೂರುವ ಟಿಕ್‌ಝಡ್ ಉಚಿತ. ಅಸಿಂಪ್ಟೋಟ್ ಎಂಬ ಭಾಷೆ ಕೂಡ ಉಚಿತ, ಇಂಪ್ಲಿಸಿಟ್ ಮೇಲ್ಮೈಗೆಂದೇ ಅದರಲ್ಲಿ ಒಂದು ಮಾಡ್ಯೂಲ್ ಇದೆ. ಪೈಥಾನ್ ಗೊತ್ತಿದ್ದವರಿಗೆ ಮ್ಯಾಟ್‌ಪ್ಲಾಟ್‌ಲಿಬ್ ಸಾಕು. ಮೇಲಿನ ಇಪ್ಪತ್ತು ಗೆರೆಯ ಚಿತ್ರಕ್ಕೆ ಒಂದು ಸಣ್ಣ ಫಾರ್ ಲೂಪ್, ಕೊನೆಗೆ ಪಿಡಿಎಫ್ ಆಗಿ ಸೇವ್ ಮಾಡುವ ಒಂದು ಸಾಲು.

ಇನ್ನು ನಮ್ಮ ಕನ್ನಡ ಸಂಘಕ್ಕೆ ಇದರಲ್ಲಿ ಏನು ಕೆಲಸ? ದೊಡ್ಡ ಕೆಲಸವೇ ಉಂಟು. ಸ್ಕ್ರೀನ್‌ಶಾಟಿನಲ್ಲಿರುವ ಇಂಗ್ಲಿಷ್ ಲೇಬಲನ್ನು ಅಳಿಸಿ ಕನ್ನಡ ಹಾಕುವುದು ಕಿರಿಕಿರಿ. ಚಿತ್ರ ಕೋಡಿನಲ್ಲಿದ್ದರೆ ಲೇಬಲ್ ಬದಲಿಸುವುದು ಒಂದು ಸಾಲಿನ ಕೆಲಸ. ಝೀ-ಲೇಟೆಕ್ ಮೂಲಕ ಹಾಕಿದರೆ ಒತ್ತಕ್ಷರ ಒಡೆಯದೆ ಸರಿಯಾಗಿ ಕೂರುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಗೆಳೆಯರು ನಮ್ಮ ಜೊತೆ ಕೂತಿದ್ದಾರೆ. ಗೋಳ, ತ್ರಿಜ್ಯ, ಸ್ಪರ್ಶಕ, ಲಂಬ, ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಇಂಗ್ಲಿಷ್ ಮೀಡಿಯಂನಿಂದ ಬಂದ ನನ್ನಂಥವರು ‘ಸ್ಪರ್ಶಕ’ ಅನ್ನುವ ಪದ ಕೇಳಿದ್ದೇ ಅವರಿಂದ. ಟ್ಯಾಂಜೆಂಟ್ ಅಂದರೆ ತಾಗುವುದು ಅಂತ ಪದದಲ್ಲೇ ಇದೆ. ಬಟ್ಟಲಿನ ತಳ ಗೋಳಕ್ಕೆ ತಾಗುವ ಆ ಬಿಂದುವಿನ ಪಕ್ಕ ಇದಕ್ಕಿಂತ ಒಳ್ಳೆಯ ಲೇಬಲ್ ಬೇಕಾ?

ಈ ಊರಿಗೆ ಇದು ಹೊಸ ದಾರಿಯೂ ಅಲ್ಲ. ಈಗ ಬ್ರಹ್ಮಾವರ ತಾಲೂಕಿನಲ್ಲಿರುವ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ‘ವಿಜ್ಞಾನ ಪ್ರಪಂಚ’ವನ್ನು 4 ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ನಾವು ದಿನಾ ಕನ್ನಡ ಕುಟ್ಟುವ ಉಚ್ಚಾರಣೆ ಆಧಾರಿತ ಕೀಬೋರ್ಡ್ ವಿನ್ಯಾಸ ಕಟ್ಟಿದ ಕೆ. ಪಿ. ರಾವ್ ಅವರೂ ಕರಾವಳಿಯವರೇ. ಅಷ್ಟು ಭಾರ ಹೊತ್ತವರ ಊರಿನವರು ನಾವು, ಸೆಮಿಸ್ಟರಿಗೆ ಹತ್ತು ಚಿತ್ರ ಬರೆಯಲು ಹಿಂದೆಮುಂದೆ ನೋಡಬೇಕಾ?

ಹಾಗಾಗಿ ನನ್ನ ಪ್ರಸ್ತಾಪ ಹೀಗಿದೆ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಹತ್ತು ಮೇಲ್ಮೈಗಳನ್ನು ಆರಿಸೋಣ. ಒಬ್ಬರಿಗೆ ಒಂದು. ಸಂಘದ ಫೋಲ್ಡರಿನಲ್ಲಿ ಪ್ರತಿ ಚಿತ್ರದ ಕೋಡು, ಕನ್ನಡ ಲೇಬಲಿನ ಪಿಡಿಎಫ್, ಇಂಗ್ಲಿಷ್ ಲೇಬಲಿನ ಪಿಡಿಎಫ್, ಮೂರೂ ಇರಲಿ. ಯಾವ ಬ್ರಾಂಚಿನವರಾದರೂ ತಗೊಂಡು ನೋಟ್ಸಿಗೆ ಹಾಕಿಕೊಳ್ಳಲಿ. ಬಣ್ಣ ಬೇಡ, ಕಪ್ಪು ಗೆರೆ ಮಾತ್ರ. ಚಿತ್ರ ಪಾಸೋ ಫೇಲೋ ಎಂದು ತೀರ್ಮಾನಿಸಲು ಒಂದೇ ಪರೀಕ್ಷೆ: ಎರಡು ಸಲ ಝೆರಾಕ್ಸ್ ಮಾಡಿಸಿದ ಮೇಲೂ ಯಾವ ಗೆರೆ ಮುಂದಿನದು, ಯಾವುದು ಹಿಂದಿನದು ಅಂತ ಮೊದಲ ವರ್ಷದವರು ಹೇಳಬೇಕು.

ಗೋಳ ಮತ್ತು ಬಟ್ಟಲಿನ ಚಿತ್ರ ನಾನು ತಗೊಳ್ತೇನೆ. ಎಕ್ಸ್²ವೈ + 2ಎಕ್ಸ್‌ಝಡ್ = 4 ಯಾರು ಬರೀತೀರಿ? ಎರಡು ಹಾಳೆಯ ನಡುವೆ ಎಕ್ಸ್ = 0ರಲ್ಲಿ ಖಾಲಿ ಜಾಗ ಬಿಡಲು ಮರೀಬೇಡಿ.